ಟಿಡಿಎಸ್ ಪೆನ್ನಿಗೆ ಕಾಣದ ನೈಟ್ರೇಟ್

ಅತ್ತಿಗುಪ್ಪೆಯ ನಮ್ಮ ಬೀದಿಯಲ್ಲಿ ಕಾವೇರಿ ನೀರು ಬರದ ದಿನ ಬೋರ್‌ವೆಲ್ಲೇ ಗತಿ. ಆ ನೀರು ಹೇಗಿದೆ ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ಟಿಡಿಎಸ್. ಪ್ಲಂಬರ್ ಪೆನ್ನಿನಂಥ ಮೀಟರ್ ಅದ್ದುತ್ತಾರೆ, 500ಕ್ಕಿಂತ ಕಡಿಮೆ ಬಂದರೆ "ಏನೂ ತೊಂದ್ರೆ ಇಲ್ಲ ಸಾರ್" ಅಂತಾರೆ. ನಾನೂ ಬಹಳ ದಿನ ಅದನ್ನೇ ನಂಬಿದ್ದೆ.

ಆದರೆ ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಸಿಗುವುದು ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ. ಅದರಲ್ಲಿ ನೈಟ್ರೇಟ್ ಎಷ್ಟು ಅನ್ನೋದು ಗೊತ್ತಾಗುವುದಿಲ್ಲ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಟಿಡಿಎಸ್ 400 ಇರುವ 'ಒಳ್ಳೇ ನೀರಿ'ನಲ್ಲೂ ಇದರ ದುಪ್ಪಟ್ಟು ಅಡಗಿರಬಹುದು.

ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಯುವಿ ಫಿಲ್ಟರ್ ಇದನ್ನು ತೆಗೆಯದು, ಆರ್‌ಒ ಬೇಕು. ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕಳೆದುಕೊಳ್ಳಬಹುದು.

ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ಗುಣಮಟ್ಟ ವರದಿಯಂತೆ, ದೇಶದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಶೇ. 19.8ರಷ್ಟು ಈ ಮಿತಿ ದಾಟಿವೆ. ಕರ್ನಾಟಕದಲ್ಲಿ ಶೇ. 48.99! ನಮಗಿಂತ ಮುಂದಿರುವುದು ರಾಜಸ್ಥಾನ ಮಾತ್ರ.

ಹಳ್ಳಿಗಳಲ್ಲಾದರೆ ರಸಗೊಬ್ಬರವನ್ನು ದೂರಬಹುದು. ಅತ್ತಿಗುಪ್ಪೆಯಲ್ಲಿ ಹೊಲ ಎಲ್ಲಿದೆ? ಇಲ್ಲಿ ಮೊದಲು ಅನುಮಾನಿಸಬೇಕಾದ್ದು ಒಳಚರಂಡಿಯನ್ನು. ಸೋರುವ ಪೈಪಿನಿಂದ ಮಣ್ಣು ಸೇರಿದ ಮಲಮೂತ್ರದ ಸಾರಜನಕ ಮೊದಲು ಅಮೋನಿಯ ಆಗುತ್ತದೆ, ಆಮೇಲೆ ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರಿನ ಜೊತೆಗೇ ಕೆಳಗಿಳಿಯುತ್ತದೆ. ಮೈಸೂರು ರಸ್ತೆಗುಂಟ ಹರಿಯುವ ವೃಷಭಾವತಿಯ ಕೊಳಕು ಕಣ್ಣಿಗೆ, ಮೂಗಿಗೆ ಗೊತ್ತಾಗುತ್ತದೆ. ನೆಲದಡಿಯದ್ದು ಗೊತ್ತಾಗುವುದು ಅಳೆದಾಗ ಮಾತ್ರ.

ಅಂದರೆ ನೈಟ್ರೇಟ್ ಅಪಾಯವೂ ಹೌದು, ಸುಳಿವೂ ಹೌದು. ಯಾವ ಬೀದಿಯಲ್ಲಿ ಅದು ಏರುತ್ತಿದೆಯೋ ಅಲ್ಲಿ ಮೊದಲು ಪೈಪ್ ನೋಡಬೇಕು. ಆದರೆ ಅಲ್ಲೊಂದು ಇಲ್ಲೊಂದು ಬಾವಿಯ ಮಾದರಿಯಿಂದ ಬೀದಿಯ ಕಥೆ ತಿಳಿಯದು. ಬೋರ್‌ವೆಲ್ ಇರುವ ಮನೆಗಳಿಂದ ಜಲಮಂಡಳಿ ಒಳಚರಂಡಿ ಶುಲ್ಕ ವಸೂಲಿ ಮಾಡುತ್ತದೆ. ಎಲ್ಲೆಲ್ಲಿ ಬೋರ್ ಇದೆ ಎಂಬ ಪಟ್ಟಿ ಹಾಗಾದರೆ ಅದರ ಕೈಯಲ್ಲೇ ಇದೆ! ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿಯಿಂದ ನಿಮಿಷಗಳಲ್ಲೇ ಅಂದಾಜು ಸಿಗುತ್ತದೆ. ಅನುಮಾನ ಬಂದದ್ದನ್ನು ಮಾತ್ರ ಲ್ಯಾಬಿಗೆ ಕಳಿಸಿದರೆ ಸಾಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ವಾರ್ಡ್‌ವಾರು ಪ್ರಕಟಿಸಲಿ.

ಸ್ವಂತ ಮನೆಯವರು ಆರ್‌ಒ ಹಾಕಿಸಿಕೊಂಡಾರು. ವಠಾರದ ಒಂದು ಕೋಣೆಯಲ್ಲಿ ಹಸುಗೂಸು ಇಟ್ಟುಕೊಂಡು ಬಾಡಿಗೆಗಿರುವ ತಾಯಿಗೆ ಆ ನೀರಿನಲ್ಲಿ ಏನಿದೆ ಅಂತ ಹೇಳೋರು ಯಾರು?