ಅತಿಥಿ ಸತ್ಕಾರದ ಲೆಕ್ಕ ಯಾರ ತಲೆಗೆ?

ಅಮೆರಿಕದ ಅಯೋವಾ ರಾಜ್ಯ ಮುಸುಕಿನ ಜೋಳ ಬೆಳೆಯುವ, ಹಂದಿ ಸಾಕುವ ರೈತರ ನಾಡು. ಪ್ರತಿವರ್ಷ ಜುಲೈ ಕೊನೆಯ ವಾರದಲ್ಲಿ ಸಾವಿರಾರು ಸೈಕಲ್ ಸವಾರರು ಈ ರಾಜ್ಯವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುತ್ತಾರೆ. ಏಳು ದಿನ, ಸುಮಾರು 700 ಕಿಲೋಮೀಟರು. ಹಿಂದಿನ ಗಾಲಿಯನ್ನು ಮಿಸ್ಸೂರಿ ನದಿಯಲ್ಲಿ ಅದ್ದಿ ಹೊರಡುವುದು, ಮುಂದಿನ ಗಾಲಿಯನ್ನು ಮಿಸಿಸಿಪ್ಪಿಯಲ್ಲಿ ಅದ್ದಿ ಇಳಿಯುವುದು ಅಲ್ಲಿನ ಪದ್ಧತಿ. ಈ ಯಾತ್ರೆಯ ಹೆಸರು ರಾಗ್‌ಬ್ರೈ.

ಇದರ ಹುಟ್ಟು ಸರಳವಾದದ್ದು. 1973ರಲ್ಲಿ 'ಡಿ ಮೊಯಿನ್ ರಿಜಿಸ್ಟರ್' ಪತ್ರಿಕೆಯ ಜಾನ್ ಕಾರಸ್, ಡೊನಾಲ್ಡ್ ಕೌಲ್ ಎಂಬ ಇಬ್ಬರು ಬರಹಗಾರರು ತಾವು ಸೈಕಲ್ಲಿನಲ್ಲಿ ಹೊರಡುವುದಾಗಿಯೂ, ಮನಸ್ಸಿದ್ದವರು ಜೊತೆಗೂಡಬಹುದೆಂದೂ ಓದುಗರನ್ನು ಕರೆದರು. ಸುಮಾರು 300 ಮಂದಿ ಬಂದರು. 114 ಮಂದಿ ಕೊನೆಯವರೆಗೂ ತುಳಿದರು. ಅವರಲ್ಲಿ ಒಬ್ಬರು ಕ್ಲಾರೆನ್ಸ್ ಪಿಕಾರ್ಡ್. ಅವರಿಗೆ ಆಗ ವಯಸ್ಸು 83. ತುಳಿದದ್ದು ಹೆಂಗಸರ ಸೈಕಲ್ಲು!

ಈ ಯಾತ್ರೆಯನ್ನು ಇಷ್ಟು ಕಾಲ ನಡೆಸಿಕೊಂಡು ಬಂದಿರುವವರು ಯಾರು? ದಾರಿಯ ಸಣ್ಣ ಸಣ್ಣ ಊರುಗಳ ಜನರೇ. ದಾರಿ ವರ್ಷವರ್ಷಕ್ಕೂ ಬದಲಾಗುತ್ತದೆ. ರಾತ್ರಿ ತಂಗುವ ಊರು ಗೊತ್ತಾದೊಡನೆ ಅಲ್ಲಿ ವಸತಿಗೊಂದು, ಊಟಕ್ಕೊಂದು, ನೈರ್ಮಲ್ಯಕ್ಕೊಂದು ಸಮಿತಿ ಏಳುತ್ತದೆ. ಶಾಲೆಯ ಮೈದಾನ, ಉದ್ಯಾನ, ಮನೆಯಂಗಳಗಳಲ್ಲಿ ಡೇರೆಗಳು ಏಳುತ್ತವೆ. ಚರ್ಚಿನ ಹೆಂಗಸರು ಹಣ್ಣಿನ ಪೈಗಳನ್ನು ಬೇಯಿಸಿ ಮಾರುತ್ತಾರೆ. ಎಷ್ಟೋ ಊರುಗಳಲ್ಲಿ ಅಂದು ನಿವಾಸಿಗಳಿಗಿಂತ ಅತಿಥಿಗಳೇ ಹೆಚ್ಚು. ಬಂದ ಹಣ ಶಾಲೆ, ಚರ್ಚು, ಸಂಘಗಳಿಗೆ ಸಲ್ಲುತ್ತದೆ. ಸಣ್ಣ ಅಂಗಡಿಯವನ ಗಲ್ಲಾಪೆಟ್ಟಿಗೆಯೂ ತುಂಬುತ್ತದೆ. ಯಾರ ಅಪ್ಪಣೆಯೂ ಇಲ್ಲದೆ ನೆರೆಹೊರೆಯವರು ಕೂಡಿ ಇಷ್ಟು ದೊಡ್ಡ ಕೆಲಸ ಮಾಡಬಲ್ಲರೆಂಬುದನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. 1985ರಲ್ಲಿ ಆ ಪತ್ರಿಕೆ ಗ್ಯಾನೆಟ್ ಎಂಬ ದೊಡ್ಡ ಪತ್ರಿಕಾ ಕಂಪನಿಯ ಪಾಲಾಯಿತು. ಪತ್ರಿಕೆಯೊಡನೆ ಯಾತ್ರೆಯೂ ಹೋಯಿತು. 2004ರಲ್ಲಿ ಕ್ರಾಫರ್ಡ್ ಕೌಂಟಿಯ ರಸ್ತೆಯ ಬಿರುಕಿಗೆ ಗಾಲಿ ಸಿಕ್ಕಿ ಒಬ್ಬ ಸವಾರ ಸತ್ತನು. ವ್ಯಾಜ್ಯ ನಡೆದು, ಕೌಂಟಿಯ ಪರವಾಗಿ ವಿಮಾ ಸಂಸ್ಥೆ 3,50,000 ಡಾಲರ್ ಪರಿಹಾರ ತೆರಬೇಕಾಯಿತು. 2007ರಲ್ಲಿ ಕೌಂಟಿಯ ಆಡಳಿತಗಾರರು ಯಾತ್ರೆ ತಮ್ಮ ಸರಹದ್ದಿಗೆ ಕಾಲಿಡಕೂಡದೆಂದು ನಿಷೇಧ ಹಾಕಿದರು. ಮುಂದೆ ಅದು ತೆರವಾಯಿತು. ಸತ್ತವನ ಕುಟುಂಬ ಪರಿಹಾರ ಕೇಳಿದ್ದು ನ್ಯಾಯ. ಸಣ್ಣ ಕೌಂಟಿ ಹೆದರಿದ್ದೂ ಸಹಜ. ಪ್ರವೇಶ ಶುಲ್ಕ ವ್ಯವಸ್ಥಾಪಕರದು, ರಸ್ತೆಯ ಹೊಣೆ ತೆರಿಗೆ ಕೊಡುವ ರೈತನದು ಎಂಬ ಏರ್ಪಾಡು ಮಾತ್ರ ನ್ಯಾಯವಲ್ಲ.

ಸಂಗಾತಿಗಳೇ, ದೂರದ ಅಯೋವಾದ ಮಾತು ನಮಗೇಕೆ? ನಮ್ಮಲ್ಲಿಯೂ ಜಾತ್ರೆ, ಸಮ್ಮೇಳನ, ಕ್ರೀಡಾಕೂಟಗಳಿಗೆ ಊರು ಬಾಗಿಲು ತೆರೆಯುತ್ತದೆ. ಹೊತ್ತು ಮೀರಿ ಕಸ ಬಳಿಯುವವರು ಪೌರಕಾರ್ಮಿಕರು. ಬೀದಿ ಚೊಕ್ಕಟವಾಗಿ ಕಾಣಬೇಕೆಂದು ಮೊದಲು ಎತ್ತಂಗಡಿಯಾಗುವುದು ಕೈಗಾಡಿಯವನ ಸರಕು. ಹಾರ ಬೀಳುವುದು ಮಾತ್ರ ವೇದಿಕೆಯ ಮೇಲಿನ ಕೊರಳಿಗೆ!

ಆದ್ದರಿಂದ ಯಾವ ದೊಡ್ಡ ಕೂಟ ಬಂದರೂ ಪುರಸಭೆ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಲಿ: ನೀರು, ಪಾಯಖಾನೆಗಳ ಖರ್ಚು ಯಾರದು? ಹೆಚ್ಚುವರಿ ದುಡಿಮೆಗೆ ಕೂಲಿ ಎಷ್ಟು? ಸಣ್ಣ ವ್ಯಾಪಾರಿಗೆ ಜಾಗ ಎಲ್ಲಿ? ಅಪಘಾತವಾದರೆ ಪರಿಹಾರ ಕೊಡುವವರು ಯಾರು? ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆಯೇ ಅನುಮತಿಗೆ ಮೊಹರು ಬೀಳಲಿ.

ಮನೆಗೆ ಬಂದವರಿಗೆ ನೀರು ಬೆಲ್ಲ ಕೊಡುವುದು ನಮ್ಮ ಬಡವರಿಗೆ ಯಾರೂ ಕಲಿಸಬೇಕಾಗಿಲ್ಲ. ಕೊಡುವವನ ಗಡಿಗೆಯನ್ನೇ ಒಡೆದು ಹೋಗುವ ಸತ್ಕಾರ ನಮಗೆ ಬೇಡ.