ಶಸ್ತ್ರದ ಕೆಲಸ ಮುಗಿದ ಮೇಲೆ

ಗಾಯಕ್ಕೆ ಹೊಲಿಗೆ ಬಿದ್ದೊಡನೆಯೇ ರೋಗ ಕಳೆಯಿತೆಂದು ಭಾವಿಸುವುದು ಜನರ ರೂಢಿ. ಆಮೇಲೆ ತೊಡಕೇನಾದರೂ ತಲೆದೋರಿದರೆ ಕೆಲವರು ವೈದ್ಯರ ಕೈಗುಣವನ್ನು ಹಳಿಯುತ್ತಾರೆ. ಮತ್ತೆ ಕೆಲವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ತೊಡಕಿಗೂ ಕಾರಣವುಂಟೆಂದೂ, ಕಾರಣ ತಿಳಿದುದನ್ನು ಮೊದಲೇ ಎದುರುನೋಡಬಹುದೆಂದೂ ನಾವು ಬಲ್ಲೆವಾದರೆ ಈ ಎರಡು ಮಾತಿಗೂ ಎಡೆಯಿರದು. ಯಕೃತ್ತಿನಲ್ಲಿ ಬೆಳೆಯುವ ಹೈಡಾಟಿಡ್ ಕೋಶ ಇದಕ್ಕೆ ಒಳ್ಳೆಯ ನಿದರ್ಶನ. ಭೌತವಿಜ್ಞಾನವನ್ನು ಬೋಧಿಸುವ ನಾವು ವೈದ್ಯರ ವಿಷಯಕ್ಕೆ ಕೈಹಾಕಿದುದೇಕೆಂಬುದು ವಾಚಕರಿಗೆ ಮುಂದೆ ತಾನಾಗಿಯೇ ತಿಳಿಯುವುದು.

ಎಕಿನೊಕಾಕಸ್ ಎಂಬುದು ನಾಯಿಯ ಕರುಳಿನಲ್ಲಿ ವಾಸಿಸುವ, ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳು. ಅದರ ಮೊಟ್ಟೆಗಳು ನಾಯಿಯ ಮಲದೊಡನೆ ಹೊರಬಿದ್ದು ಹುಲ್ಲನ್ನೂ ನೀರನ್ನೂ ಸೇರುತ್ತವೆ. ಅಲ್ಲಿಂದ ಕುರಿ, ಮೇಕೆ, ದನಗಳ ಹೊಟ್ಟೆಯನ್ನು ಹೊಗುತ್ತವೆ. ತೊಳೆಯದ ಸೊಪ್ಪಿನಿಂದಲೋ ಕೊಳೆಯಾದ ಕೈಯಿಂದಲೋ ಮನುಷ್ಯನೂ ಅವನ್ನು ನುಂಗುವುದುಂಟು. ಮೊಟ್ಟೆಯೊಡೆದು ಬಂದ ಭ್ರೂಣವು ಕರುಳಿನ ಗೋಡೆಯನ್ನು ಕೊರೆದು ರಕ್ತದಲ್ಲಿ ಸಾಗುತ್ತದೆ. ಕರುಳಿನ ರಕ್ತ ಮೊದಲು ಹಾಯುವುದು ಯಕೃತ್ತನ್ನು. ಆದುದರಿಂದ ಹೆಚ್ಚಿನ ರೋಗಿಗಳಲ್ಲಿ ಅದು ನೆಲೆಯೂರುವುದು ಅಲ್ಲಿಯೇ. ಅಲ್ಲಿ ಅದು ತಿಳಿನೀರು ತುಂಬಿದ ಚೀಲವಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಚೀಲದ ಒಳಪೊರೆಯಲ್ಲಿ ಹುಳುವಿನ ಪುಟ್ಟ ತಲೆಗಳು ಅಸಂಖ್ಯವಾಗಿ ಹುಟ್ಟುತ್ತವೆ. ಚೀಲದ ಸುತ್ತ ಯಕೃತ್ತು ತಾನೇ ಒಂದು ನಾರುಗೋಡೆಯನ್ನು ಕಟ್ಟಿಕೊಳ್ಳುತ್ತದೆ.

ಇಲ್ಲಿಂದ ಮುಂದಿನದು ನಮ್ಮ ತರಗತಿಯ ಪಾಠ. ಪಿತ್ತನಾಳದಲ್ಲಿ ಒತ್ತಡವು ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಬೆಳೆಯುತ್ತಿರುವ ಕೋಶದೊಳಗಿನ ಒತ್ತಡ 30 ಸೆಂಟಿಮೀಟರನ್ನೂ ಮೀರುವುದುಂಟು. ಕೋಶ ಹಿಗ್ಗಿದಂತೆಲ್ಲ ನೆರೆಯ ಸಣ್ಣ ಪಿತ್ತನಾಳಗಳನ್ನು ಒತ್ತಿ, ಸವೆಸಿ, ತೂತು ಮಾಡುತ್ತದೆ. ಆದರೂ ಒಳಗಿನ ಒತ್ತಡ ಹೆಚ್ಚಾಗಿರುವವರೆಗೆ ಪಿತ್ತರಸ ಒಳನುಗ್ಗಲಾರದು. ತೂತು ಇದ್ದೂ ಇಲ್ಲದಂತಿರುತ್ತದೆ. ಶಸ್ತ್ರವೈದ್ಯರು ಕೋಶದ ದ್ರವವನ್ನು ಹೊರತೆಗೆದ ಗಳಿಗೆಯಲ್ಲಿ ಒತ್ತಡಗಳ ತಾರತಮ್ಯ ತಲೆಕೆಳಗಾಗಿ, ಖಾಲಿಯಾದ ಪೊಳ್ಳಿಗೆ ಪಿತ್ತರಸ ಒಸರತೊಡಗುತ್ತದೆ. ಈ ಚಿಕಿತ್ಸೆಯ ನಂತರದ ತೊಡಕುಗಳಲ್ಲಿ ಪಿತ್ತದ ಸೋರಿಕೆಯೇ ಅತಿ ಸಾಮಾನ್ಯವಾದುದು. ಕಣ್ಣಿಗೆ ಬಿದ್ದ ತೂತುಗಳನ್ನೆಲ್ಲ ವೈದ್ಯರು ಹೊಲಿದು ಮುಚ್ಚಿದರೂ ಕಾಣದೆ ಉಳಿದುದೊಂದು ಸೋರಬಹುದು. ಇದನ್ನು ಕೈತಪ್ಪೆನ್ನುವುದು ನ್ಯಾಯವಲ್ಲ.

ಉಳಿದ ಪೊಳ್ಳೂ ಒಂದು ಸಮಸ್ಯೆಯೇ. ಅದರ ನಾರುಗೋಡೆ ಗಡುಸಾದುದು. ಕೆಲವೊಮ್ಮೆ ಸುಣ್ಣಗಟ್ಟಿರುವುದೂ ಉಂಟು. ಬರಿದಾದ ಚರ್ಮದ ಚೀಲದಂತೆ ಅದು ಕುಗ್ಗಿ ಮುಚ್ಚಿಕೊಳ್ಳದು. ಅಲ್ಲಿ ರಕ್ತ, ಪಿತ್ತಗಳು ನಿಂತು, ಬ್ಯಾಕ್ಟೀರಿಯ ಸೇರಿ, ಕೀವಾಗಬಹುದು. ಆದುದರಿಂದಲೇ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಎಳೆದು ಪೊಳ್ಳಿನಲ್ಲಿ ತುಂಬುವುದು, ದ್ರವ ಹೊರಹೋಗಲು ನಳಿಕೆಯಿಡುವುದು. ನಳಿಕೆಯಿಂದ ಹಸುರು ಹಳದಿಯ ಪಿತ್ತ ತೊಟ್ಟಿಕ್ಕುವುದನ್ನು ಕಂಡು ಮನೆಯವರು ಗಾಬರಿಯಾಗುವುದು ಸಹಜ. ಆದರೆ ಅನೇಕ ವೇಳೆ ಅದು ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ, ಬಾಯಿಯ ಮೂಲಕ ಎಂಡೋಸ್ಕೋಪನ್ನು ಇಳಿಸಿ, ಪಿತ್ತನಾಳವು ಕರುಳನ್ನು ಸೇರುವೆಡೆಯ ಸ್ನಾಯುಬಳೆಯನ್ನು ಸ್ವಲ್ಪ ಕೊಯ್ಯುತ್ತಾರೆ. 1974ರಿಂದ ಬಳಕೆಗೆ ಬಂದ ಈ ವಿಧಾನದಲ್ಲಿ ಸೋರುವ ತೂತನ್ನು ಯಾರೂ ಮುಟ್ಟುವುದೇ ಇಲ್ಲ! ಸಹಜಮಾರ್ಗದ ತಡೆ ಕಡಮೆಯಾದೊಡನೆ ಪಿತ್ತ ಆ ದಾರಿಯನ್ನೇ ಹಿಡಿಯುತ್ತದೆ. ಒಣಗಿದ ತೂತು ಮಾಯುತ್ತದೆ. ಒತ್ತಡದ ನಿಯಮವೇ ತೊಡಕನ್ನು ತಂದಿತು. ಅದೇ ನಿಯಮ ಪರಿಹಾರವನ್ನೂ ಒದಗಿಸಿತು.

ಮತ್ತೊಂದು ಅಪಾಯ ತಡವಾಗಿ ಬರುವಂಥದು. ಚೆಲ್ಲಿದ ದ್ರವದಲ್ಲಿನ ಹುಳುವಿನ ತಲೆಗಳು ಹೊಸ ಕೋಶಗಳಾಗಿ ಬೆಳೆಯಬಲ್ಲವೆಂಬುದನ್ನು ಫ್ರಾನ್ಸಿನ ಫೆಲಿಕ್ಸ್ ದೆವೆ 20ನೆಯ ಶತಮಾನದ ಆರಂಭದಲ್ಲಿಯೇ ತೋರಿಸಿಕೊಟ್ಟನು. ಅವನ್ನು ಕೊಲ್ಲಲೆಂದು ಹಿಂದೆ ಕೋಶದೊಳಗೆ ಫಾರ್ಮಲಿನ್ ಹಾಕುತ್ತಿದ್ದರು. ಅದು ನಾವು ಮೇಲೆ ಕಂಡ ತೂತುಗಳ ಮೂಲಕ ಪಿತ್ತನಾಳಗಳನ್ನು ಹೊಕ್ಕು ಅವನ್ನು ಸುಟ್ಟು ಕಿರಿದಾಗಿಸಿತು. ಆದುದರಿಂದ ಅದನ್ನು ಕೈಬಿಡಬೇಕಾಯಿತು. ಈಗ ಶೇಕಡಾ 20ರ ಉಪ್ಪುನೀರು ಬಳಕೆಯಲ್ಲಿದೆ. ಪರಾಸರಣದಿಂದ ಅದು ಹುಳುವಿನ ನೀರನ್ನು ಹೀರುತ್ತದೆ. ಇದನ್ನು ಕೂಡ ತೂತಿಲ್ಲವೆಂದು ಖಚಿತಪಡಿಸಿಕೊಂಡೇ ಕೋಶದೊಳಗೆ ಹಾಕಬೇಕು. ಆಲ್ಬೆಂಡಜೋಲ್ ಮಾತ್ರೆಗಳನ್ನು ಚಿಕಿತ್ಸೆಯ ಹಿಂದೆಯೂ ಮುಂದೆಯೂ ಕೊಡುತ್ತಾರೆ. ಇಷ್ಟಾದರೂ ಮರುಕಳಿಕೆ ಸಾಧ್ಯ. ಅದು ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು.

ನಮ್ಮ ವಾದವಿಷ್ಟೆ. ರೋಗಿ ಆಸ್ಪತ್ರೆಯಿಂದ ನಡೆದುಹೋದ ದಿನವನ್ನು ಗೆಲುವಿನ ದಿನವೆಂದು ಲೆಕ್ಕಕ್ಕೆ ಹಿಡಿಯಬಾರದು. ನೋವಿಲ್ಲದವನು ಮತ್ತೆ ಆಸ್ಪತ್ರೆಯ ಮೆಟ್ಟಿಲನ್ನೇಕೆ ಹತ್ತಿಯಾನು? ಏಕೆ ಹತ್ತಬೇಕೆಂಬುದನ್ನು ಶಸ್ತ್ರಕ್ಕೆ ಮೊದಲೇ ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಜ್ವರ, ಕಾಮಾಲೆ, ಹೊಟ್ಟೆನೋವುಗಳು ಬಂದರೆ ತಡಮಾಡಬಾರದೆಂದೂ, ಏನೂ ಬಾರದಿದ್ದರೂ ಕೆಲವು ವರ್ಷ ಅಲ್ಟ್ರಾಸೌಂಡ್ ಪರೀಕ್ಷೆ ತಪ್ಪಬಾರದೆಂದೂ ಚೀಟಿಯಲ್ಲಿ ಬರೆದುಕೊಡಬೇಕು. ಹೀಗೆ ಹೇಳಿದರೆ ರೋಗಿ ಹೆದರುವನೆಂದು ಕೆಲವರು ಆಕ್ಷೇಪಿಸಬಹುದು. ಹೇಳದೆ ಬಿಟ್ಟು ನಳಿಕೆಯಲ್ಲಿ ಪಿತ್ತ ಕಂಡ ದಿನ ಅವನು ಪಡುವ ಭಯ ಅದಕ್ಕಿಂತ ದೊಡ್ಡದು. ಎಲ್ಲ ಕೋಶಕ್ಕೂ ಶಸ್ತ್ರವೇ ಬೇಕೆಂದೂ ಇಲ್ಲ. ಸತ್ತು ಸುಣ್ಣಗಟ್ಟಿ ತೊಂದರೆ ಕೊಡದಿರುವ ಕೋಶಗಳನ್ನು ಬರಿದೆ ಕಾದು ನೋಡುವುದೇ ಇಂದಿನ ಕ್ರಮ.

ಆದರೆ ಈ ತೊಡಕುಗಳಿಂದ ಪೂರ್ತಿಯಾಗಿ ಪಾರಾಗುವ ದಾರಿ ಶಸ್ತ್ರಶಾಲೆಯ ಹೊರಗಿದೆ. ಒಂದು ಕಾಲಕ್ಕೆ ಈ ರೋಗದಿಂದ ಬಹಳವಾಗಿ ನರಳುತ್ತಿದ್ದ ಐಸ್‌ಲೆಂಡಿಗೆ 1863ರಲ್ಲಿ ಹೆರಾಲ್ಡ್ ಕ್ರಾಬೆ ಎಂಬ ಡೇನಿಷ್ ವಿದ್ವಾಂಸನು ಹೋಗಿ ನಾಯಿಗಳನ್ನು ಪರೀಕ್ಷಿಸಿದನು. ಅವನು ಬರೆದ ಕಿರುಪುಸ್ತಕವನ್ನು ಅಲ್ಲಿನ ಜನರಿಗೆ ಹಂಚಿದರು; 1869ರಲ್ಲಿ ನಾಯಿಗಳ ಬಗೆಗೆ ಕಾನೂನು ಬಂದಿತು. ಕಡಿದ ಕುರಿಯ ರೋಗದ ಅಂಗಗಳು ನಾಯಿಯ ಬಾಯಿಗೆ ಬೀಳದಂತೆ ಜನ ಎಚ್ಚರವಹಿಸಿದರು. ಒಂದು ಶತಮಾನ ಕಳೆಯುವುದರೊಳಗೆ ರೋಗ ಅಲ್ಲಿ ಹೆಚ್ಚುಕಡಮೆ ಅಳಿದುಹೋಯಿತು. ನಮ್ಮ ದೇಶದಲ್ಲಿ ಈ ರೋಗ ಇನ್ನೂ ಇದೆ. ಮಾಂಸದಂಗಡಿಯ ಹಿಂದೆ ಕಳ್ಳುಪಚ್ಚಿಗಾಗಿ ಕಾದಿರುವ ನಾಯಿಗಳೂ ಇವೆ. ಆ ಕಳ್ಳುಪಚ್ಚಿಯನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳುವುದಕ್ಕೂ, ಸಾಕಿದ ನಾಯಿಗೆ ಹುಳುವಿನ ಔಷಧ ಕೊಡಿಸುವುದಕ್ಕೂ, ಊಟಕ್ಕೆ ಮೊದಲು ಕೈತೊಳೆಯುವುದಕ್ಕೂ ವೈದ್ಯಶಾಸ್ತ್ರದ ಪದವಿ ಬೇಕಿಲ್ಲ. ವಿದ್ಯಾರ್ಥಿಗಳು ಈ ಮಾತನ್ನು ತಮ್ಮ ಮನೆಗೂ ತಮ್ಮ ಬೀದಿಗೂ ಮುಟ್ಟಿಸುವರೆಂದು ನಾವು ಆಶಿಸುತ್ತೇವೆ.