‘ಎರಡು ದಿನ ನೋಡೋಣ’

ಫೋಟೋದಲ್ಲಿರೋ ಟೇಬಲ್ ನಾನೇ ನೋಟ್‌ಬುಕ್‌ನಲ್ಲಿ ಬರೆದದ್ದು. ಅಕ್ಷರ ಕೆಟ್ಟದಾಗಿದೆ, ಕ್ಷಮಿಸಿ. ಆದರೆ ಒಮ್ಮೆ ಝೂಮ್ ಮಾಡಿ ನೋಡಿ.

ಇದು ಲಂಡನ್ನಿನ ಬ್ರೂಕ್ ಆಸ್ಪತ್ರೆಯ 1897ರ ಲೆಕ್ಕ. ಕಾಯಿಲೆ ಡಿಫ್ತೀರಿಯಾ, ನಮ್ಮ ಕಡೆ ಗಂಟಲುಮಾರಿ ಅಂತಾರೆ. ಕಾಯಿಲೆ ಶುರುವಾದ ಮೊದಲ ದಿನವೇ ಸೀರಮ್ ಸಿಕ್ಕವರಲ್ಲಿ ಸತ್ತವರು ನೂರಕ್ಕೆ 0. ಎರಡನೇ ದಿನ ಸಿಕ್ಕವರಲ್ಲಿ 5.4. ಮೂರನೇ ದಿನ 11.5. ನಾಲ್ಕನೇ ದಿನ 18.8. ಐದನೇ ದಿನ ಅಥವಾ ಆಮೇಲೆ ಬಂದವರಲ್ಲಿ 21. ಆಸ್ಪತ್ರೆ ಅದೇ, ಔಷಧಿ ಅದೇ. ಬದಲಾಗಿದ್ದು ದಿನ ಮಾತ್ರ. 1901ರವರೆಗೆ ಪ್ರತಿ ವರ್ಷವೂ ಇದೇ ಮೆಟ್ಟಿಲು, ಮೊದಲ ದಿನದ ಸಾಲಿನಲ್ಲಿ ಐದೂ ವರ್ಷ ಸೊನ್ನೆ.

ನಮ್ಮ ಪುಸ್ತಕಗಳಲ್ಲಿ ಈ ಕಥೆ ಹೇಗಿರುತ್ತೆ ಗೊತ್ತಲ್ಲ? 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಕಂಡುಹಿಡಿದರು, 1901ರಲ್ಲಿ ಬೆರಿಂಗ್‌ಗೆ ಮೊದಲ ನೊಬೆಲ್ ಬಂತು, ಮುಗೀತು. ಕಂಡುಹಿಡಿದ ತಕ್ಷಣ ಮಕ್ಕಳು ಸಾಯೋದು ನಿಂತುಹೋಯಿತು ಅನ್ನೋ ಹಾಗೆ. ನಿಲ್ಲಲಿಲ್ಲ. ಲಂಡನ್ನಿನ ಸಾರ್ವಜನಿಕ ಜ್ವರದ ಆಸ್ಪತ್ರೆಗಳಲ್ಲಿ 1894ರಲ್ಲಿ ಸೇರಿದ ರೋಗಿಗಳಲ್ಲಿ ನೂರಕ್ಕೆ ಸುಮಾರು 30 ಜನ ಸತ್ತಿದ್ದರು. ಸೀರಮ್ ಬಂದ ಮೇಲೆ, 1895ರಲ್ಲಿ, 22.5. ಇಳಿದದ್ದು ನಿಜ. ಆದರೆ ಔಷಧಿ ಇದ್ದೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಸತ್ತರು ಅನ್ನೋದೂ ನಿಜ. ನನ್ನನ್ನು ಕಾಡೋದು ಈ ಎರಡನೇ ನಿಜ.

ಯಾಕೆ ಹೀಗೆ? ಗಂಟಲಲ್ಲಿ ಕೂತ ಬ್ಯಾಕ್ಟೀರಿಯಾ ಒಂದು ವಿಷ ಬಿಡುತ್ತೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತೆ, ಉಸಿರು ಕಟ್ಟುತ್ತೆ, ಅದು ಕಣ್ಣಿಗೆ ಕಾಣೋ ಭಾಗ. ಕಾಣದ ಭಾಗ ಏನಂದ್ರೆ, ವಿಷ ರಕ್ತದಲ್ಲಿ ಹೋಗಿ ಹೃದಯ, ನರಗಳ ಜೀವಕೋಶದ ಒಳಗೆ ಸೇರ್ಕೊಳ್ಳುತ್ತೆ. ಕುದುರೆಯ ರಕ್ತದಿಂದ ತೆಗೆದ ಆ ಸೀರಮ್ ಇನ್ನೂ ರಕ್ತದಲ್ಲಿ ಓಡಾಡ್ತಿರೋ ವಿಷವನ್ನು ಮಾತ್ರ ಹಿಡಿಯಬಲ್ಲದು. ಒಳಗೆ ಹೋದದ್ದನ್ನು ಹೊರಗೆ ಎಳೆಯೋಕೆ ಅದಕ್ಕೆ ಆಗಲ್ಲ.

ಸ್ಟಾಟಿಸ್ಟಿಕ್ಸ್ ಓದ್ತಿರೋ ಗೆಳೆಯರು ಈಗ ಕೈ ಎತ್ತುತ್ತಾರೆ: ‘ತಡವಾಗಿ ಬಂದವರು ಅಂದ್ರೆ ಮನೆಯಲ್ಲಿ ವಾಸಿಯಾಗದೆ ಉಳಿದವರು ತಾನೇ? ಅವರಲ್ಲಿ ಸಾವು ಹೆಚ್ಚಿರೋದು ಸಹಜ.’ ಒಳ್ಳೆ ಪ್ರಶ್ನೆ, ಸ್ವಲ್ಪ ಮಟ್ಟಿಗೆ ಸರಿನೂ ಹೌದು. ಸೀರಮ್‌ನಿಂದಲೇ ಉಳಿದರಾ ಅನ್ನೋ ಅನುಮಾನಕ್ಕೆ ಕೋಪನ್‌ಹೇಗನ್‌ನಲ್ಲಿ ಫಿಬಿಗರ್ ಅನ್ನೋ ಡಾಕ್ಟರ್ 1898ರಲ್ಲಿ ಉತ್ತರ ಕೊಟ್ಟರು. ಒಂದು ದಿನ ಸೇರಿದವರಿಗೆ ಸೀರಮ್, ಮರುದಿನ ಸೇರಿದವರಿಗೆ ಇಲ್ಲ. ಸಿಕ್ಕ 239 ಜನರಲ್ಲಿ 8 ಸಾವು, ಸಿಗದ 245 ಜನರಲ್ಲಿ 30. ಹಾಗಾಗಿ ಮೆಟ್ಟಿಲಿನ ಎತ್ತರದ ಬಗ್ಗೆ ವಾದ ಮಾಡಿ, ಮೆಟ್ಟಿಲೇ ಇಲ್ಲ ಅನ್ನಬೇಡಿ.

ಈಗ ನನ್ನ ತಕರಾರಿಗೆ ಬರ್ತೀನಿ. ‘ತಾಯಂದಿರು ಬೇಗ ಕರ್ಕೊಂಡು ಬರಬೇಕಿತ್ತು’ ಅಂತ ಹೇಳೋದು ಸುಲಭ. ನಮ್ಮ ಮನೆಯಲ್ಲಿ ಯಾರಿಗೆ ಗಂಟಲು ನೋವು ಬಂದರೂ ಅಜ್ಜಿ ಹೇಳೋದು ಒಂದೇ ಮಾತು, ಎರಡು ದಿನ ನೋಡೋಣ. ಅಜ್ಜಿ ದಡ್ಡಿ ಅಲ್ಲ. ಗಂಟಲು ನೋವು ನೂರಕ್ಕೆ ತೊಂಬತ್ತು ಸಲ ಬರೀ ಗಂಟಲು ನೋವೇ. ಲಂಡನ್ನಿನ ತಾಯಿಯೂ ಹಾಗೇ ಯೋಚಿಸಿರಬೇಕು. 1891ರ ಕಾನೂನಿನ ನಂತರ ಜ್ವರದ ಆಸ್ಪತ್ರೆಯಲ್ಲಿ ಎಲ್ಲರಿಗೂ ದುಡ್ಡಿಲ್ಲದೆ ಚಿಕಿತ್ಸೆ ಸಿಗ್ತಿತ್ತು. ಆದರೆ ಇದು ಡಿಫ್ತೀರಿಯಾ ಅಂತ ಹೇಳೋ ಮೊದಲ ಡಾಕ್ಟರ್‌ಗೆ ಫೀಸು ಕೊಡಬೇಕಿತ್ತು. ಫೀಸು ಇಲ್ಲದವರು ಬಡವರ ಡಾಕ್ಟರನ್ನು ಕರೆಸೋಕೆ ಅಧಿಕಾರಿಯ ಚೀಟಿ ತರಬೇಕು. ಅಷ್ಟರಲ್ಲಿ ಒಂದು ಮೆಟ್ಟಿಲು ಹತ್ತಾಯ್ತು.

ಇನ್ನೊಂದು ಹುಡುಗನ ಕಥೆ ಕೇಳಿ. 1894ರ ಒಂದು ರಾತ್ರಿ ಶೆರಿಂಗ್ಟನ್ ಅನ್ನೋ ವಿಜ್ಞಾನಿಗೆ ಟೆಲಿಗ್ರಾಂ ಬಂತು, ಸಸೆಕ್ಸ್‌ನಲ್ಲಿ ನೆಂಟರ ಹುಡುಗನಿಗೆ ಡಿಫ್ತೀರಿಯಾ. ಅವರ ಲಂಡನ್ ಲ್ಯಾಬ್‌ನಲ್ಲಿ ಸೀರಮ್‌ಗಾಗಿ ತಯಾರು ಮಾಡ್ತಿದ್ದ ಒಂದು ಕುದುರೆ ಇತ್ತು. ಅದರ ರಕ್ತ ತೆಗೆದು, ಸೀರಮ್ ಹಿಡ್ಕೊಂಡು ಓಡಿದರು. ಹುಡುಗ ಬದುಕಿದ. ಶೆರಿಂಗ್ಟನ್‌ಗೆ ಆಮೇಲೆ ಬೇರೆ ಕೆಲಸಕ್ಕೆ ನೊಬೆಲ್ಲೂ ಬಂತು. ಈ ಕಥೆಯನ್ನು ಎಲ್ಲರೂ ವಿಜ್ಞಾನದ ಗೆಲುವು ಅಂತ ಹೇಳ್ತಾರೆ. ನನಗೆ ಕಾಣೋದು, ಆ ಹುಡುಗನ ನೆಂಟರ ಹತ್ತಿರ ಕುದುರೆ ಇತ್ತು. ಉಳಿದ ಮಕ್ಕಳ ನೆಂಟರ ಹತ್ತಿರ ಇರಲಿಲ್ಲ.

ದುಡ್ಡೇ ಎಲ್ಲ ಅಂತಲೂ ಅಲ್ಲ. ಸೀರಮ್ ಬರೋಕೆ ಮುಂಚೆ, 1878ರಲ್ಲಿ, ವಿಕ್ಟೋರಿಯಾ ರಾಣಿಯ ಮಗಳು ಆಲಿಸ್ ಇದೇ ಕಾಯಿಲೆಯಿಂದ ಸತ್ತಳು, ಅದಕ್ಕೆ ಕೆಲವೇ ವಾರ ಮುಂಚೆ ಆಲಿಸ್‌ಳ ಪುಟ್ಟ ಮಗಳೂ. ಔಷಧಿಯೇ ಇಲ್ಲದಾಗ ಅರಮನೆಗೂ ಗುಡಿಸಲಿಗೂ ಒಂದೇ ಗತಿ. ಔಷಧಿ ಬಂದ ಮೇಲೆ, ಯಾರ ಮನೆಗೆ ಅದು ಎಷ್ಟನೇ ದಿನ ತಲುಪುತ್ತೆ ಅನ್ನೋದೇ ಹೊಸ ವ್ಯತ್ಯಾಸ ಆಯ್ತು.

ಇದು ಹಳೇ ಕಥೆ ಅಂದ್ಕೋಬೇಡಿ. 2018ರಲ್ಲಿ ಭಾರತದಲ್ಲಿ 8,788 ಕೇಸ್ ದಾಖಲಾಗಿವೆ. ಚಿಕಿತ್ಸೆಗೆ ಇವತ್ತಿಗೂ ಅದೇ ಕುದುರೆ ಸೀರಮ್. ಕಾಯಿಲೆ ಬರದ ಹಾಗೆ ತಡೆಯೋಕೆ ಲಸಿಕೆ ಇದೆ, ಚಿಕ್ಕವರಿದ್ದಾಗ ಹಾಕಿದ್ದು ಸಾಲದು ಅಂತ 10 ಮತ್ತು 16ನೇ ವಯಸ್ಸಿಗೆ ಟಿಡಿ ಇಂಜೆಕ್ಷನ್ ಕೊಡ್ತಾರೆ. ಇದನ್ನು ಬರೆಯೋಕೆ ಮುಂಚೆ ನನ್ನ ಹಳೇ ಕಾರ್ಡ್ ಹುಡುಕಿ ನೋಡಿದೆ. 10ರದ್ದಕ್ಕೆ ಸೀಲ್ ಇದೆ. 16ರ ಜಾಗ ಖಾಲಿ. ನಿಮ್ಮದು ನೋಡಿ ಕಾಮೆಂಟ್‌ನಲ್ಲಿ ಹೇಳಿ, ನಾನು ಶನಿವಾರ ಹೋಗ್ತಿದ್ದೀನಿ, ಜೊತೆಗೆ ಬರೋರು ಬನ್ನಿ.

#ಗಂಟಲುಮಾರಿ #ಹಳೇಕಾಯಿಲೆಹೊಸಓದು